ಬದರಿನಾಥರ ಎಡಗಣ್ಣು ಮತ್ತು ಐವಿ ಎಲೆ

ಕಡಲಾಚೆಯ ಡನೀಡಿನ್ ಊರಿನ ಕನ್ನಡಿಗರಲ್ಲಿ ಬದರಿನಾಥರ ಎಡಗಣ್ಣಿನಷ್ಟು ಕೀರ್ತಿ ಪಡೆದ ಅಂಗ ಇನ್ನೊಂದಿರಲಿಲ್ಲ. ಚಿತ್ರದ ಮುಂದೆ ನಿಂತರೆ ಸಾಕು, ಅದು ಮುಚ್ಚಿಕೊಳ್ಳುತ್ತಿತ್ತು. ಹಾಗೆ ಮುಚ್ಚಿದರೆ ಬಣ್ಣದಡಿಯ ಬಣ್ಣವೂ ಕಾಣುತ್ತದೆಂದು ಕೆಲವರು, ಎರಡನ್ನೂ ತೆರೆದರೆ ಚಿತ್ರವೇ ಸುಟ್ಟುಹೋದೀತೆಂದು ಇನ್ನು ಕೆಲವರು. ಮುಕ್ಕಣ್ಣನಿಗೆ ಒಂದು ಕಣ್ಣು ಹೆಚ್ಚು, ನಮ್ಮ ಬದರಿಗೆ ಒಂದು ಕಡಿಮೆ. ಮಹಿಮೆ ಮಾತ್ರ ಸಮಸಮ.

ಇಷ್ಟು ಮಹಿಮೆ ಹೊತ್ತವರ ಉದ್ಯೋಗ ಆರ್ಟ್ ಗ್ಯಾಲರಿಯ ಕಾವಲು. ಮೈಸೂರಿನಲ್ಲಿ ಐದು ವರ್ಷ ಚಿತ್ರಕಲೆ ಕಲಿತು, ನರ್ಸ್ ಹೆಂಡತಿ ಇಂದಿರಾಳ ಹಿಂದೆ ಬಂದಿಳಿದವರಿಗೆ ಈ ದೇಶ ಕೊಟ್ಟದ್ದು ಕಪ್ಪು ಕೋಟು, ವಾಕಿಟಾಕಿ ಮತ್ತು "ದಯವಿಟ್ಟು ಮುಟ್ಟಬೇಡಿ" ಎಂಬ ಒಂದೇ ಡೈಲಾಗು. ಒಂಬತ್ತು ವರ್ಷ ಅದನ್ನೇ ಹೇಳಿದರು.

ಅವರು ಕಾಯುವ ಕೋಣೆಯಲ್ಲಿ ಹತ್ತೊಂಬತ್ತನೇ ಶತಮಾನದ ಒಬ್ಬ ಇಂಗ್ಲಿಷ್ ಚಿತ್ರಕಾರನ ಕೃತಿಗಳಿದ್ದವು: ಬಂದರು, ಬೆಟ್ಟ, ಹಳೇ ಚರ್ಚು, ಎಲೆ, ಕಾಯಿ ಇಟ್ಟ ಒಂದು ಹಿತ್ತಾಳೆ ತಟ್ಟೆ. ತಟ್ಟೆಯ ಚಿತ್ರದ ಕೆಳಗಿನ ಚೀಟಿ: "ಐವಿ ಎಲೆ, ಕಾಡುಕಾಯಿ."

2016ರ ಒಂದು ಬೆಳಿಗ್ಗೆ ಎಡಗಣ್ಣು ಮುಚ್ಚಿತು, ಬಲಗಣ್ಣಿಗೆ ಕಂಡಿತು. ಎಲೆಗಳು ಜೋಡಿ ಜೋಡಿ, ತುದಿಯೆಲ್ಲ ಒಂದೇ ಕಡೆ, ಮೇಲೆರಡು ಗೋಟಡಿಕೆ. ಗೋಡೆಗೆ ಹಬ್ಬುವ ಐವಿ ಬಳ್ಳಿಯ ಎಲೆಯನ್ನು ಯಾವ ಪುಣ್ಯಾತ್ಮ ಹೀಗೆ ಎಣಿಸಿ ಜೋಡಿಸುತ್ತಾನೆ? ಇದು ತಾಂಬೂಲ! ಚಿತ್ರ ಬರೆದ ಆಸಾಮಿ ನಮ್ಮ ಕಡೆ ಯಾರದೋ ಮನೆಯಲ್ಲಿ ಮರ್ಯಾದೆ ಮಾಡಿಸಿಕೊಂಡು ಬಂದವನು!

ಮೇಲಿನವರಿಗೆ ಹನ್ನೊಂದು ಪುಟ ಬರೆದುಕೊಟ್ಟರು. ಕೊನೆಯಲ್ಲಿ ಒಂದೇ ಬೇಡಿಕೆ: ಹೊಸ ಚೀಟಿಯಲ್ಲಿ ತನ್ನ ಹೆಸರು. ಚಿತ್ರಗಳ ಉಸ್ತುವಾರಿಯ ಕ್ಯುರೇಟರ್ "ಬ್ರಿಲಿಯಂಟ್, ಬ್ಯಾಡ್ರಿ!" ಎಂದು ಕೈ ಕುಲುಕಿದರು. ಅಂದು ಬದರಿನಾಥರು ಮನೆಯಲ್ಲಿ ಪಾಯಸ ಮಾಡಿಸಿದರು.

ಎರಡು ವರ್ಷ ಬಿಟ್ಟು ಚೀಟಿ ಬಂತು. "ಇತ್ತೀಚಿನ ಸಂಶೋಧನೆಯ ಪ್ರಕಾರ, ತಾಂಬೂಲ." ಸಂಶೋಧನೆ ಯಾರದು? ಕ್ಯುರೇಟರರದು, ಅಡಿಯಲ್ಲೇ ಹೆಸರಿತ್ತು. ಹೊಸ ಚೀಟಿಯ ಉದ್ಘಾಟನೆಯಲ್ಲಿ ಬದರಿನಾಥರಿಗೂ ಸ್ಥಾನವಿತ್ತು: ಅದೇ ಚಿತ್ರದ ಪಕ್ಕ, ಕಪ್ಪು ಕೋಟಿನಲ್ಲಿ, ಡ್ಯೂಟಿ ಮೇಲೆ. ಬಂದವರಿಗೆಲ್ಲ ವೈನು, ಚೀಸು. ಮರ್ಯಾದೆಯ ತಾಂಬೂಲ ಗೋಡೆಗೆ ನೇತುಬಿದ್ದಿತ್ತು.

ಕನ್ನಡ ಸಂಘದ ವಸುಂಧರಾ ಗೆಳತಿಯರ ಹಿಂಡು ಕಟ್ಟಿಕೊಂಡು ಬಂದಳು. ಬದರಿನಾಥರು ಎಡಗಣ್ಣು ಮುಚ್ಚಿ ಚೀಟಿಯನ್ನು ಮೂರನೇ ಸಲ ಓದುತ್ತಿದ್ದರು.

"ನೋಡ್ರೇ, ಮುಚ್ಚೇಬಿಟ್ರು! ಬದರಿ ಅಂಕಲ್, ಇನ್ನೇನು ಗುಟ್ಟು ಕಾಣ್ತಿದೆ? ನಮಗಾದ್ರೂ ಮೊದಲು ಹೇಳಿ!"

"ಗುಟ್ಟೂ ಇಲ್ಲ, ಗಿಟ್ಟೂ ಇಲ್ಲ ಕಣಮ್ಮ. ನನ್ನ ಹೆಸರು ಹುಡುಕ್ತಿದ್ದೆ. ಎಡಗಣ್ಣಿಗೆ ಪೊರೆ ಬಂದು ಎಷ್ಟೋ ವರ್ಷ ಆಯ್ತು, ಎರಡೂ ತೆಗೆದ್ರೆ ಅಕ್ಷರ ಮಸುಕು. ಸ್ವಲ್ಪ ಹಿಂದೆ ನಿಂತ್ಕೋ, ಮುಟ್ಬೇಡ."