ಮಳೆಗಾಲಕ್ಕೆ ಎರಡು ಟಿಕೆಟ್

ಯಾವ ಊರಿಗೆ ಯಾವ ಕಾಲದಲ್ಲಿ ಹೋಗಬೇಕು ಅಂತ ನನ್ನನ್ನು ಕೇಳಿ. ಹನ್ನೆರಡು ವರ್ಷದಿಂದ ಬಸ್ಸಿನ ಟಿಕೆಟ್ ಕೌಂಟರಿನಲ್ಲಿ ಕೂತಿದ್ದೇನೆ. ಬೆಟ್ಟಕ್ಕೆ ಯಾವಾಗ, ಬಯಲಿಗೆ ಯಾವಾಗ, ಕಡಲಿಗೆ ಯಾವಾಗ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಗುರುತು ಪರಿಚಯ ಇಲ್ಲದವರೂ ನನ್ನ ಮಾತು ಕೇಳಿ ಹೋಗಿಬಂದು ಖುಷಿಪಟ್ಟಿದ್ದಾರೆ. ನನ್ನ ಮಾತು ನಡೆಯದ್ದು ಒಂದೇ ಮನೆಯಲ್ಲಿ, ಅದು ನನ್ನ ಸ್ವಂತ ಅಕ್ಕನದು.

ಅಕ್ಕನಿಗೆ ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ. ದಿನವಿಡೀ ಉದ್ದ ಹಿಡಿಯ ಹಲಗೆಯಲ್ಲಿ ಬ್ರೆಡ್ಡನ್ನು ಒಳಗೆ ತಳ್ಳುವುದು, ಹೊರಗೆ ಎಳೆಯುವುದು. ಅವಳ ಹುಬ್ಬು ಅರ್ಧ ಸುಟ್ಟುಹೋಗಿದೆ. ಸುಟ್ಟ ಅರ್ಧವನ್ನು ಪೆನ್ಸಿಲಿನಲ್ಲಿ ಬರೆದುಕೊಂಡು ಹೋಗುತ್ತಾಳೆ, ಅದೂ ಮಧ್ಯಾಹ್ನದೊಳಗೆ ಬೆವರಿನ ಜೊತೆ ಕೆನ್ನೆಗೆ ಇಳಿದಿರುತ್ತದೆ. ಭಾವ ಇರುವುದು ಕೋಲ್ಡ್ ಸ್ಟೋರೇಜಿನಲ್ಲಿ. ಮೊಳ ದಪ್ಪದ ಗೋಡೆ, ಕಿಟಕಿಯೇ ಇಲ್ಲದ ಕೋಣೆ, ಆಲೂಗಡ್ಡೆ ಮೂಟೆ, ಸೇಬಿನ ಪೆಟ್ಟಿಗೆ, ಮೈಮೇಲೆ ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ. ಕಡು ಬೇಸಿಗೆಯಲ್ಲಿ ಕಾದ ಕಲ್ಲಿನ ಮೇಲೆ ಕೂತು ಹಾಯಾಗಿದೆ ಎನ್ನುವ ಮನುಷ್ಯ ಲೋಕದಲ್ಲಿ ಇವರೊಬ್ಬರೇ ಇರಬೇಕು.

ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಇಬ್ಬರೂ ಸೇರಿ ಎಲ್ಲಿಗೂ ಹೋದವರಲ್ಲ. ಆಸೆಗೇನೂ ಬರ ಇರಲಿಲ್ಲ. ಅಕ್ಕನಿಗೆ ಹಲ್ಲು ಕಟಕಟ ಅನ್ನುವ ಚಳಿಯಲ್ಲಿ ಬೆಟ್ಟ ಹತ್ತಬೇಕು. ಭಾವನಿಗೆ ಸುಡುಬಿಸಿಲಿನ ಬಯಲಲ್ಲಿ ಕೈಕಾಲು ಚಾಚಿ ಮಲಗಬೇಕು. ಒಂದು ವರ್ಷ ಭಾವ ಹೇಗೋ ಚಳಿಗಾಲಕ್ಕೆ ಒಪ್ಪಿದರು. ನಾನು ಬೆಟ್ಟದ ಫೋಟೊ ತೋರಿಸಿದ್ದೇ ತಡ, ನಾಲ್ಕು ಸಲ ಸೀನಿದರು. ಅಲ್ಲಿಗೆ ಆ ಪ್ರವಾಸ ಮುಗಿಯಿತು.

ಈ ವರ್ಷ ನನಗೆ ರೋಸಿಹೋಯಿತು. ಮಹಾ ಬುದ್ಧಿವಂತೆಯ ಹಾಗೆ, ಭಾವ ಬೇಸಿಗೆಯಲ್ಲಿ ಹೋಗಲಿ, ನೀನು ಚಳಿಗಾಲದಲ್ಲಿ ಹೋಗು, ಜಗಳವೇ ಇಲ್ಲ ಎಂದೆ. ಅಕ್ಕ ಕೆನ್ನೆಗಿಳಿದ ಹುಬ್ಬನ್ನು ಸೆರಗಿನಿಂದ ಒರೆಸಿಕೊಂಡಳು.

"ಒಬ್ಬಳೇ ಹೋಗೋಕೆ ಬೆಟ್ಟ ಯಾಕೆ ಬೇಕು? ಅವರ ಜೊತೆ ಒಂದ್ಸಲ ಹೋಗ್ಬೇಕು ಕಣೇ, ಅಷ್ಟೇ."

ನನಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಮಳೆಗಾಲ ಬಂತು. ಬೇಕರಿಯ ಒಲೆಯ ಒಳಗಿನ ಇಟ್ಟಿಗೆ ಕುಸಿದು, ರಿಪೇರಿಗೆಂದು ಹತ್ತು ದಿನ ಬಾಗಿಲು ಹಾಕಿದರು. ಅಕ್ಕ ಮೊದಲ ಸಲ ಭಾವನಿಗೆ ತಾನೇ ಮಧ್ಯಾಹ್ನದ ಊಟ ತೆಗೆದುಕೊಂಡು ಹೋದಳು. ಲಾರಿ ನಿಲ್ಲುವ ಕಡೆ, ತಗಡಿನ ಚಾವಣಿಯ ಕೆಳಗೆ ಕೂತು ಇಬ್ಬರೂ ಡಬ್ಬಿ ಬಿಚ್ಚಿದರು. ಮಳೆ ಧೋ ಎಂದು ಸುರಿಯಿತು. ಇಬ್ಬರೂ ಬಾಯಿಗಿಟ್ಟ ತುತ್ತನ್ನು ಅಗಿಯುವುದನ್ನೇ ಮರೆತು ನೋಡಿದರಂತೆ. ಇವಳಿಗೆ ಒಲೆಯ ಮುಂದೆ ಮಳೆ ಕೇಳಿಸದು, ಅವರಿಗೆ ಗೋಡೆಯ ಹಿಂದೆ ಕಾಣಿಸದು. ಅವರ ಪಾಲಿಗೆ ಮಳೆಯೆಂದರೆ ಸಂಜೆ ಮನೆಗೆ ಬರುವಾಗ ಕಾಲಿಗೆ ಹತ್ತುವ ಕೆಸರು, ಅಷ್ಟೇ. ಅಕ್ಕ ಕೈ ಹೊರಗೆ ಚಾಚಿದಳು. ಆಮೇಲೆ ಭಾವನ ಕೈಯನ್ನೂ ಎಳೆದಳು. ಭಾವ ಟೋಪಿ ತೆಗೆದರು, ಕೋಟೂ ಬಿಚ್ಚಿದರು, ಮೇಸ್ತ್ರಿಗೆ ಹೇಳಿ ಅರ್ಧ ದಿನ ರಜೆ ಹಾಕಿ ಅಂಗಳಕ್ಕೆ ಇಳಿದರು.

ನಾನು ಕೌಂಟರಿನಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ. ತೊಪ್ಪೆಯಾದ ಎರಡು ಆಕೃತಿಗಳು ಕೈಕೈ ಹಿಡಿದುಕೊಂಡು, ಈ ವಯಸ್ಸಿನಲ್ಲಿ, ಕಿಸಿಕಿಸಿ ನಗುತ್ತಾ ಬಂದು ಕಡಲಿಗೆ ಎರಡು ಟಿಕೆಟ್ ಕೇಳಿದವು. ನಾನು ತಲೆ ಚಚ್ಚಿಕೊಂಡೆ. ದೋಣಿ ಬಿಡುವುದಿಲ್ಲ, ನೀರಿಗೆ ಇಳಿಯುವ ಹಾಗಿಲ್ಲ, ರೂಮಿನ ಗೋಡೆಯೆಲ್ಲ ಬೂಷ್ಟು, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಅದಕ್ಕೇ ಬಸ್ಸು ಖಾಲಿ ಎಂದು ಒಂದೇ ಉಸಿರಿಗೆ ಒದರಿದೆ. ಅದರಲ್ಲಿ ಒಂದೂ ಸುಳ್ಳಲ್ಲ.

ಅಕ್ಕ ಕಿಟಕಿಗೆ ಗದ್ದ ಊರಿದಳು. ನೀರು ನನ್ನ ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು.

"ಅಲ್ಲಿ ಈಗ ಸೆಕೆ ಇರುತ್ತಾ?"

"ಇಲ್ಲ."

"ಚಳಿ?"

"ಅದೂ ಇಲ್ಲ."

"ಮತ್ತೆ ಕೊಡೇ."

ವರ್ಷದಲ್ಲಿ ಮೂರು ಕಾಲ ಅಂತ ಮಕ್ಕಳಿಗೂ ಗೊತ್ತು. ನಾನು ಮಾತ್ರ ಇವರ ಮುಂದೆ ಎರಡನ್ನೇ ಹಿಡಿದು ಇಷ್ಟು ವರ್ಷ ಪಂಚಾಯ್ತಿ ಮಾಡಿದ್ದೆ. ನಗು ಉಕ್ಕಿ ಬಂದು ಅಕ್ಕನ ಹೆಸರನ್ನೇ ಎರಡು ಸಲ ತಪ್ಪು ಹೊಡೆದೆ. ಬಸ್ಸು ಖಾಲಿಯಿದೆ, ಇಬ್ಬರಿಗೂ ಒಂದೊಂದು ಕಿಟಕಿ ಸೀಟು ಕೊಡುತ್ತೇನೆ ಎಂದರೆ ಇಬ್ಬರೂ ಒಂದೇ ದನಿಯಲ್ಲಿ ಬೇಡ ಎಂದರು.

ಅವರು ಹೋದ ನಾಲ್ಕನೇ ದಿನ ಬೆಳಿಗ್ಗೆ ಅಕ್ಕನ ಫೋನು. ಬಂದಾಗಿನಿಂದ ಮಳೆ ನಿಂತಿಲ್ಲವಂತೆ, ಎದುರಿಗೇ ಇರುವ ಕಡಲು ಕಣ್ಣಿಗೆ ಬಿದ್ದಿಲ್ಲವಂತೆ, ಎಲ್ಲ ಬಟ್ಟೆಯೂ ಒದ್ದೆಯಂತೆ. ನಾನು ಹೇಳಿರಲಿಲ್ಲವೇ ಎಂದು ಜಂಭದಿಂದ ಬೀಗಿದೆ. ಹಿಂದಿನಿಂದ ಭಾವನ ನಗು ಕೇಳಿಸಿತು. ವಾಪಸ್ ಟಿಕೆಟ್ಟನ್ನು ಇನ್ನೂ ನಾಲ್ಕು ದಿನ ಮುಂದಕ್ಕೆ ಹಾಕು ಎಂದಳು ಅಕ್ಕ. ಕಡಲೇ ಕಾಣದ ಊರಲ್ಲಿ ಕೂತು ಏನು ಮಾಡುತ್ತೀರಿ ಎಂದು ಕೇಳಿದೆ. ಅವಳು ದನಿ ತಗ್ಗಿಸಿದಳು.

"ರೂಮಲ್ಲಿ ಒಂದೇ ಕಂಬಳಿ ಕೊಟ್ಟಿದಾರೆ. ಇಷ್ಟು ವರ್ಷ ಅವರಿಗೆ ಎರಡು ಬೇಕಿತ್ತು, ನಂಗೆ ಒಂದೂ ಬೇಡ. ಇಲ್ಲಿ ಇಬ್ಬರಿಗೂ ಅದೊಂದೇ ಸಾಕಾಗ್ತಿದೆ ಕಣೇ."