ಮರಿಗೊಂದು ಬಿಸ್ಕತ್ತು

ನಮ್ಮ ಕೆಳಮನೆಯ ದರ್ಜಿಯವರು ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತೇ ಕಳೆದವರು; "ಬಿಗಿ ಇರ್ಲಾ, ಸಡಿಲ ಇರ್ಲಾ?" ಎಂಬುದನ್ನು ಬಿಟ್ಟರೆ ಅವರ ಬಾಯಿಂದ ಇನ್ನೊಂದು ಮಾತು ಕೇಳಿದವರಿರಲಿಲ್ಲ. ಸಕ್ಕರೆ ಕಾಯಿಲೆ ಏರಿದಾಗ ಡಾಕ್ಟರು ದಿನಾ ನಡೆಯಲೇಬೇಕು ಎಂದರು. ಒಬ್ಬರೇ ನಡೆಯಲು ನಾಚಿಕೆಯಾಗಿ ಅವರು ನಾಯಿ ಸಾಕಿದರು. ಅದು ಕರುವಿನಷ್ಟು ಬೆಳೆದರೂ ಅವರಿಗೆ ಮರಿಯೇ. ಈಗ ಅವರು ತಮ್ಮ ಪ್ಯಾಂಟಿನ ಸೊಂಟವನ್ನು ಮೂರು ಸಲ ಚಿಕ್ಕದು ಮಾಡಿಕೊಂಡಿದ್ದಾರೆ. ಬೀದಿಯ ತುದಿ ಮುಟ್ಟಲು ಅವರಿಗೆ ಒಂದು ಗಂಟೆ ಬೇಕು, ಏಕೆಂದರೆ ಬಾಗಿಲು ಬಾಗಿಲಲ್ಲೂ ಯಾರಾದರೂ ಮರಿಗೆ ಬಿಸ್ಕತ್ತು ಹಿಡಿದು ನಿಂತಿರುತ್ತಾರೆ. "ಏನ್ ಮಾವ, ನೀವು ಮರಿನ ಕರ್ಕೊಂಡ್ ಬಂದ್ರೋ, ಅದೇ ನಿಮ್ಮನ್ನ ಕರ್ಕೊಂಡ್ ಬಂತೋ?" ಎಂದು ಕೇಳಿದರೆ ಮದುಮಗನಂತೆ ಕೆಂಪಾಗುತ್ತಾರೆ. ಮರಿ ತಿಂದು ಮುಗಿಸಿದರೆ ಮಾತೂ ಮುಗಿಯುತ್ತದೆ. ಹೋದ ತಿಂಗಳು ಮರಿಯ ಕಣ್ಣು ಮಂಜಾಗಿ ಅದು ಗೋಡೆಗೆ ಹಾಯತೊಡಗಿತು. ಇದಕ್ಕೂ ಸಕ್ಕರೆ ಕಾಯಿಲೆಯೇ, ಇನ್ನು ಬಿಸ್ಕತ್ತು ತಿಂದರೆ ಉಳಿಯುವುದಿಲ್ಲ ಎಂದರು ಪಶುವೈದ್ಯರು. "ಕೊಡ್ಬೇಡಿ ಅಂತ ಒಂದ್ ಮಾತು ಹೇಳೋಕೆ ಏನ್ರೀ ಕಷ್ಟ ನಿಮಗೆ?" ಎಂದು ಹೆಂಡತಿ ದಿನಾ ಬಡಿದುಕೊಳ್ಳುತ್ತಾರೆ. "ನಾಳೆ ಹೇಳ್ತೀನಿ ಕಣೇ" ಎನ್ನುತ್ತಾರೆ ಇವರು. ಇವತ್ತು ಬೆಳಿಗ್ಗೆ ಬೇಕರಿಯ ಅಕ್ಕ ಬಿಸ್ಕತ್ತು ತೆಗೆದಳು. ಮರಿ ಅದನ್ನು ಮೂಗಿನಿಂದ ಹುಡುಕುತ್ತಿತ್ತು. "ಕೊಡ್ಲಾ ಅಣ್ಣ?" ದರ್ಜಿಯವರು ಮರಿಯ ಹಗ್ಗವನ್ನು ಒಮ್ಮೆ ಹಿಂದಕ್ಕೆಳೆದು, ಮತ್ತೆ ಸಡಿಲ ಬಿಟ್ಟರು. ಆಮೇಲೆ, "ಕೊಡಮ್ಮ, ಅದಕ್ಕಿಷ್ಟ" ಎಂದು, ಅವಳ ಮಗಳ ಪರೀಕ್ಷೆ ಹೇಗಾಯಿತೆಂದು ವಿಚಾರಿಸತೊಡಗಿದರು.