ಬೇರೆಯವರ ಗದ್ದೆಯಲ್ಲಿ ನಮ್ಮ ಹಿರಿಯರು

"ಹೊಸ ಮುಳುಗಡೆಯೋರಾ?" ಎಂದು ಬಾವಿಕಟ್ಟೆಯಲ್ಲಿ ಒಬ್ಬಾಕೆ ಕೇಳಿದಾಗ, ಯಾರು ಮುಳುಗಿದರಪ್ಪ ಎಂದು ನಾನು ಹಿಂತಿರುಗಿ ನೋಡಿದೆ. ಕೋಣಂದೂರಿನ ಹತ್ತಿರದ ಈ ಊರಿಗೆ ಬಂದು ಆಗಿನ್ನೂ ಎರಡು ದಿನ. ಆಣೆಕಟ್ಟಿನ ನೀರಿಗೆ ಊರು ಬಿಟ್ಟವರಿಗೆಲ್ಲ ಇಲ್ಲಿ ಅದೇ ಹೆಸರು ಎಂದು ಆಮೇಲೆ ತಿಳಿಯಿತು. ಶರಾವತಿ ದಂಡೆಯ ನಮ್ಮೂರವರೇ, ನೀವು ಹೋದಲ್ಲಿ ನಿಮ್ಮನ್ನು ಏನೆಂದು ಕರೆದರೋ ಕಾಣೆ.

ಅಲ್ಲಿ ಗದ್ದೆಯಾಚೆಯ ಮನೆಯವರು ಕೂಗಿದರೆ ಓಗೊಡುತ್ತಿದ್ದರು. ಇಲ್ಲಿ ಗೋಡೆಗೆ ಗೋಡೆ ತಾಗಿದ್ದರೂ ಮಾತಿಗೆ ಜನವಿಲ್ಲ. ಮಾತಾಡಿಸಿದವರು ಕೇಳುವುದೂ ಒಂದೇ: "ನೀವು ಯಾರ ಪೈಕಿ?" ಅಪ್ಪಯ್ಯನ ಹೆಸರು, ಅಜ್ಜನ ಹೆಸರು ಹೇಳಿ, ಅದರಾಚೆ ಗೊತ್ತಿಲ್ಲದೆ ನಾನು ಬೆಬ್ಬೆಬ್ಬೆ ಎನ್ನುತ್ತಿದ್ದೆ. ಊರಲ್ಲಿದ್ದಾಗ ಯಾರೂ ಕೇಳಿರಲಿಲ್ಲ, ನನಗೂ ಬೇಕಿರಲಿಲ್ಲ. ಹಿರಿಯರ ಹುಚ್ಚು ಹಿಡಿದದ್ದು ಇಲ್ಲಿ, ಇವತ್ತಿಗೂ ಬಿಟ್ಟಿಲ್ಲ.

ನಮ್ಮ ಅಜ್ಜಿಗೆ ಎಲ್ಲ ಗೊತ್ತಿತ್ತು, ಆದರೆ ಕೂತಲ್ಲಿ ಬಾಯಿಗೆ ಬರುತ್ತಿರಲಿಲ್ಲ. "ಜಾಗ ಸಿಗ್ದೆ ಹೆಸ್ರೆಲ್ಲಿ ಬತ್ತದೆ ಮಾರಾಯ್ತಿ?" ಎನ್ನುತ್ತಿದ್ದಳು. ಬೈರಜ್ಜನ ಕಟ್ಟೆ, ಬಂಗಾರಮ್ಮನ ಬಾವಿ ಎಂದು ನಮ್ಮಲ್ಲಿ ಒಬ್ಬೊಬ್ಬ ಹಿರಿಯರೂ ಒಂದೊಂದು ಜಾಗಕ್ಕೆ ಅಂಟಿಕೊಂಡವರಲ್ಲವೇ?

ಅವಳ ಕಣ್ಣಿಗೆ ಪೊರೆ ಬಂದಿತ್ತು. ಒಂದು ದಿನ ಕೈ ಹಿಡಿದು ಪಕ್ಕದವರ ಗದ್ದೆಯಂಚಿನಲ್ಲಿ ನಡೆಸಿದೆ. ಒಂದು ಹುಲ್ಲಿನ ಬಣವೆಯ ಹತ್ತಿರ ನಿಂತು, "ಅಜ್ಜಿ, ನಮ್ಮ ಬಾವಿ ಬಂತು," ಎಂದೆ.

"ಬಂತಾ? ಬಂಗಾರಿ ತೋಡ್ಸಿದ್ದು ಕಣೆ. ನಿನ್ನಜ್ಜನ ಅಜ್ಜಿ. ಗಂಡ ಸತ್ ವರ್ಷನೇ, ಯಾರ್ ಬ್ಯಾಡ ಅಂದ್ರೂ ಕೇಳ್ಲಿಲ್ಲ."

ಅಲ್ಲಿಂದ ದಿನಾ ಅದೇ ಕೆಲಸ. ಕಂಡವರ ಬೇಲಿಯನ್ನು ನಮ್ಮ ಕಟ್ಟೆ ಎಂದೆ, ಚರಂಡಿಯನ್ನು ನಮ್ಮ ಹಳ್ಳ ಎಂದೆ. ಹೆಸರು ಸಿಕ್ಕಾಗಲೆಲ್ಲ ಕುಣಿಯುವಷ್ಟು ಖುಷಿ. ಊರು ಮುಳುಗಿದ್ದರಿಂದಲೇ ನನಗೆ ಈ ಸುಖ ಸಿಕ್ಕಿತಲ್ಲ ಎಂದು ನಾಚಿಕೆಯೂ ಆಗುತ್ತಿತ್ತು. ಅಪ್ಪಯ್ಯನಿಗೆ ಗೊತ್ತಾಗಿ, "ಕಣ್ ಕಾಣ್ದೋಳಿಗೆ ಎಂತಕೆ ಮೋಸ ಮಾಡ್ತಿ? ಬಿಡು," ಎಂದರು. ನಾನು ಬಿಡಲಿಲ್ಲ.

ಒಂದು ಸಂಜೆ ಹಿಂತಿರುಗಿದಾಗ ಅಜ್ಜಿ ಹೊಸ್ತಿಲು ದಾಟಲಿಲ್ಲ. ಬಾಗಿಲ ಚೌಕಟ್ಟು ತಡವಿ ನೋಡಿದಳು.

"ಇದು ಯಾರ್ ಮನೆ?"

"ನಮ್ದೇ ಅಜ್ಜಿ."

"ನಮ್ಮನೆ ಬಾವಿ ಹತ್ರ ಅಲ್ದನೆ? ಈಗಷ್ಟೇ ದಾಟಿ ಬಂದ್ವಲ್ಲ. ಕತ್ಲಾಗ್ತದೆ, ನಮ್ಮನೆಗೆ ಕರ್ಕಂಡ್ ಹೋಗು."

ಅಪ್ಪಯ್ಯ ನನ್ನ ಮುಖ ನೋಡಿದರು. ಒಳಗೆ ಹೋದರು. ಮನೆ ನೀರಿನಡಿ ಇದೆ ಅಜ್ಜಿ, ನಾನು ಹೇಳಿದ್ದೆಲ್ಲ ಸುಳ್ಳು ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಕೈ ಎಳೆಯತೊಡಗಿದಳು. ಬೇರೆ ದಾರಿ ಕಾಣದೆ ಮತ್ತೆ ಗದ್ದೆಯಂಚಿಗೆ ಇಳಿಸಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಸ್ವಲ್ಪ ದೂರ ನಡೆದು ಅಜ್ಜಿ ಗಾಳಿಯಲ್ಲಿ ಕೈಯಾಡಿಸಿದಳು. "ಮನೆ ಬಂತು ಕಣೆ. ಹಲಸಿನ್ ಮರ ಇಲ್ಲೇ ಇರ್ಬೇಕು."

ಅಳುತ್ತಲೇ ಕೇಳಿದೆ, "ಅದನ್ನ ನೆಟ್ಟೋರು ಯಾರಜ್ಜಿ?"